ಕೂಳೆ ಜೋಳ ಮೇಯ್ದ ಹಸು ಅರ್ಧ ಗಂಟೆಯಲ್ಲಿ ಸತ್ತಿತು; ಅದೇ ಹೊಲ ಮೊದಲು ಏನೂ ಮಾಡಿರಲಿಲ್ಲ, ಏಕೆ?

ಪ್ರಶ್ನೆ: ನಮ್ಮಲ್ಲಿ ಎರಡು ಹಸು, ಒಂದು ಕಡಸು ಇದ್ದವು. ಜೋಳ ಕೊಯ್ದ ಮೇಲೆ ಹೊಲ ಬಹಳ ದಿನ ಮಳೆಯಿಲ್ಲದೆ ಒಣಗಿತ್ತು. ಮಳೆ ಬಿದ್ದೊಡನೆ ಕೂಳೆ ಚಿಗುರಿತು. ಚಿಗುರು ದಟ್ಟವಾಗಲಿ ಎಂದು ಸ್ವಲ್ಪ ಯೂರಿಯಾ ಎರಚಿದ್ದೆವು. ಮೊಣಕಾಲಿನಷ್ಟೂ ಎತ್ತರವಾಗಿರಲಿಲ್ಲ, ಆದರೂ ಹಸಿರು ಕಂಡು ಬೆಳಿಗ್ಗೆ ಕೊಟ್ಟಿಗೆಯಿಂದ ಬಿಚ್ಚಿ ನೇರ ಅಲ್ಲಿಗೇ ಹೊಡೆದೆವು. ಅರ್ಧ ಗಂಟೆಯೊಳಗೆ ದೊಡ್ಡ ಹಸು ತೂರಾಡಿ ಬಿತ್ತು, ಬಾಯಿ ತೆರೆದು ಏದುಸಿರು ಬಿಟ್ಟಿತು, ಕಾಲು ಬಡಿಯಿತು. ಪಶುವೈದ್ಯರು ಬರುವ ಮೊದಲೇ ಸತ್ತಿತು. ಎರಡನೆಯದೂ ಬಿದ್ದಿತ್ತು, ನರಕ್ಕೆ ಔಷಧಿ ಕೊಟ್ಟ ಮೇಲೆ ಎದ್ದಿತು. ಕಡಸಿಗೆ ಏನೂ ಆಗಲಿಲ್ಲ. ವಸಡು, ಕಣ್ಣಿನ ಒಳಭಾಗ ತುಂಬ ಕೆಂಪಗಿವೆ ಎಂದು ವೈದ್ಯರು ತೋರಿಸಿದರು. ಇದೇ ಹೊಲದಲ್ಲಿ, ಇದೇ ಜೋಳವನ್ನು ಹಿಂದೆ ಎಷ್ಟೋ ಸಲ ಮೇಯಿಸಿದ್ದೇವೆ. ವಿಷದ ಗಿಡ ಯಾವುದು ಎಂದು ದನಕ್ಕೆ ಗೊತ್ತಿರುತ್ತದೆ ಎನ್ನುತ್ತಾರೆ ಮನೆಯ ಹಿರಿಯರು, ಹಾಗಾದರೆ ಇದಕ್ಕೆ ಯಾಕೆ ಗೊತ್ತಾಗಲಿಲ್ಲ? ಬೇಲಿಯಲ್ಲಿ ಲಂಟಾನ, ಕಣಗಿಲೆ ಎರಡೂ ಇವೆ, ಎಲ್ಲವನ್ನೂ ಕಿತ್ತು ಹಾಕಬೇಕೆ? ಆ ಹೊಲವನ್ನು ಇನ್ನು ಮೇವಿಗೆ ಬಳಸಬಹುದೆ? ಬದುಕಿದ ಹಸುವಿನ ಹಾಲು ಕುಡಿಯಬಹುದೆ?

ಉತ್ತರ: ನೀವು ಬರೆದ ವಿವರಗಳಷ್ಟೇ ಸಾಕು, ಇದು ಸಯನೈಡ್ ವಿಷಬಾಧೆ ಎಂದು ಹೆಚ್ಚು ಅನುಮಾನವಿಲ್ಲದೆ ಹೇಳಬಹುದು. ಒಣಹವೆಯ ನಂತರ ಮಳೆ, ಕೂಳೆಯ ಎಳೆ ಚಿಗುರು, ಯೂರಿಯಾ, ಹಸಿದ ದನ, ಅರ್ಧ ಗಂಟೆಯೊಳಗಿನ ಸಾವು, ಕೆಂಪು ವಸಡು. ಇಷ್ಟೂ ಒಟ್ಟಿಗೆ ಸಿಗುವುದು ಬೇರೆ ಯಾವ ಕಾಯಿಲೆಯಲ್ಲೂ ಕಡಿಮೆ. ನೀವು ಕೇಳಿರುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ, ಆ ವಿಷ ಹೊಲದಲ್ಲಿ ಯಾವ ರೂಪದಲ್ಲಿತ್ತು ಎಂಬುದರಲ್ಲೇ ಇದೆ.

ಜೋಳದ ಎಲೆಯಲ್ಲಿ ಸಯನೈಡ್ ಸಿದ್ಧವಾಗಿ ಇರುವುದಿಲ್ಲ. ಅಲ್ಲಿರುವುದು ಧುರ್ರಿನ್ ಎಂಬ ವಸ್ತು. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಬ್ರಿಟಿಷ್ ರಸಾಯನತಜ್ಞರು ಎಳೆ ಜೋಳದಿಂದ ಇದನ್ನು ಬೇರ್ಪಡಿಸಿ ತೋರಿಸಿದರು. ಸಕ್ಕರೆಯ ಕಣವೊಂದಕ್ಕೆ ಕಟ್ಟಿಕೊಂಡಿರುವ ಧುರ್ರಿನ್ ತನ್ನಷ್ಟಕ್ಕೆ ತಾನು ನಿರುಪದ್ರವಿ. ಅದನ್ನು ಒಡೆದು ಹೈಡ್ರೋಜನ್ ಸಯನೈಡ್ ಬಿಡಿಸುವ ಕಿಣ್ವವೂ ಅದೇ ಎಲೆಯಲ್ಲಿದೆ, ಆದರೆ ಬೇರೆ ಕೋಶದಲ್ಲಿ. ಧುರ್ರಿನ್ ಎಲೆಯ ಹೊರಪದರದ ಕೋಶಗಳಲ್ಲಿ, ಕಿಣ್ವ ಒಳಗಿನ ಹಸಿರು ಕೋಶಗಳಲ್ಲಿ. ಬೆಂಕಿಕಡ್ಡಿಯನ್ನು ಒಂದು ಕೋಣೆಯಲ್ಲೂ ಪೆಟ್ಟಿಗೆಯನ್ನು ಇನ್ನೊಂದರಲ್ಲೂ ಇಟ್ಟ ಹಾಗೆ. ಎಲೆಯನ್ನು ಅಗಿದರೆ, ಜಜ್ಜಿದರೆ, ಅದು ಬಾಡಿದರೆ ಗೋಡೆ ಒಡೆದು ಎರಡೂ ಸೇರುತ್ತವೆ. ದನದ ಹೊಟ್ಟೆಯ ಮೊದಲ ದೊಡ್ಡ ಚೀಲವಾದ ರೂಮೆನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಬಿಸಿಯಿದೆ, ನೀರಿದೆ, ಹುಳಿ ಕಡಿಮೆ, ಮೇಲಾಗಿ ಅಲ್ಲಿನ ಸೂಕ್ಷ್ಮಜೀವಿಗಳೂ ಧುರ್ರಿನ್ ಒಡೆಯುವುದರಲ್ಲಿ ಕೈಜೋಡಿಸುತ್ತವೆ. ಕುದುರೆ, ಹಂದಿಗಳ ಹೊಟ್ಟೆಯ ಆಮ್ಲ ಆ ಕಿಣ್ವವನ್ನು ಬಹುಮಟ್ಟಿಗೆ ಕೆಡಿಸಿಬಿಡುತ್ತದೆ, ಆದ್ದರಿಂದ ಅವು ಇಷ್ಟು ಸುಲಭವಾಗಿ ಸಾಯುವುದಿಲ್ಲ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಕುರಿಗಿಂತ ದನಕ್ಕೆ ಅಪಾಯ ಒಂದಿಷ್ಟು ಹೆಚ್ಚು.

ಬಿಡುಗಡೆಯಾದ ಸಯನೈಡ್ ರಕ್ತಕ್ಕೆ ಸೇರಿ ಜೀವಕೋಶಗಳ ಉಸಿರಾಟದ ಕೊನೆಯ ಕಿಣ್ವವನ್ನು, ಅಂದರೆ ಸೈಟೋಕ್ರೋಮ್ ಆಕ್ಸಿಡೇಸನ್ನು, ಹಿಡಿದು ನಿಲ್ಲಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಕೋಶಗಳಿಗೆ ಅದನ್ನು ಬಳಸಲು ಆಗುವುದಿಲ್ಲ. ಬಳಕೆಯಾಗದ ಆಮ್ಲಜನಕ ಹೊತ್ತ ರಕ್ತ ಹಾಗೇ ಕೆಂಪಗೆ ತಿರುಗಿ ಬರುತ್ತದೆ. ವೈದ್ಯರು ತೋರಿಸಿದ ಕೆಂಪು ಅದೇ. ಉಸಿರುಕಟ್ಟಿ ಸತ್ತ ಪ್ರಾಣಿಯ ವಸಡು ಸಾಮಾನ್ಯವಾಗಿ ನೀಲಿಗಟ್ಟಬೇಕು. ಇಲ್ಲಿ ಪ್ರಾಣಿ ಉಸಿರಿಗೆ ಒದ್ದಾಡುತ್ತಿದ್ದರೂ ವಸಡು ಗುಲಾಬಿ, ಕೆಂಪು. ನೋಡಿದವರಿಗೆ ವಿಚಿತ್ರ ಎನಿಸುವಂಥದ್ದು. (ಸತ್ತು ಬಹಳ ಹೊತ್ತಾದ ಮೇಲೆ ನೋಡಿದರೆ ಈ ಬಣ್ಣ ಉಳಿದಿರುವುದಿಲ್ಲ, ಅದನ್ನು ನೆಚ್ಚಬೇಡಿ.)

ಈಗ ನಿಮ್ಮ ಮುಖ್ಯ ಪ್ರಶ್ನೆಗೆ. ಅದೇ ಹೊಲ, ಅದೇ ಜೋಳ ಎಂದಿದ್ದೀರಿ. ಹೊಲ ಅದೇ ಇರಬಹುದು, ಜೋಳ ಅದೇ ಅಲ್ಲ. ಧುರ್ರಿನ್ ಅತಿ ಹೆಚ್ಚು ಇರುವುದು ಮೊಳಕೆಯಲ್ಲಿ, ಸುಳಿಯಲ್ಲಿ, ಎಳೆ ಎಲೆಯಲ್ಲಿ. ಬೆಳೆ ಬಲಿತಂತೆ, ಕಾಂಡ ದಪ್ಪವಾದಂತೆ ಒಟ್ಟು ಮೇವಿನಲ್ಲಿ ಅದರ ಪಾಲು ಇಳಿಯುತ್ತದೆ. ತೆನೆ ಬಂದ ಜೋಳವನ್ನೋ ಒಣಗಿದ ದಂಟನ್ನೋ ತಿಂದ ದನಕ್ಕೆ ಏನೂ ಆಗದಿರುವುದು ಇದಕ್ಕೇ. ಕೊಯ್ದ ಬುಡದಿಂದ ಹೊಸದಾಗಿ ಬಂದ ಕೂಳೆ ಚಿಗುರು ಮತ್ತೆ ಮೊಳಕೆಯ ಹಂತಕ್ಕೇ ಹೋದಂತೆ. ನೀರಿಲ್ಲದೆ ಬಳಲಿದ ಗಿಡ ಧುರ್ರಿನ್ ಹೆಚ್ಚಿಸಿಕೊಳ್ಳುತ್ತದೆ. ಮಳೆ ಬಂದಾಗ ಬೇಗ ಬೇಗ ಹೊಸ ಎಲೆ ಹೊಮ್ಮಿಸುತ್ತದೆ, ಆ ಎಲೆಗಳೆಲ್ಲ ಎಳೆಯವು. ಧುರ್ರಿನ್‌ನಲ್ಲಿ ಸಾರಜನಕವಿದೆ, ಯೂರಿಯಾ ಹಾಕಿದಾಗ ಅದಕ್ಕೆ ಬೇಕಾದ ಕಚ್ಚಾವಸ್ತುವನ್ನು ನಾವೇ ಒದಗಿಸಿದಂತಾಗುತ್ತದೆ. ಹಿಮ ಬೀಳುವ ಸೀಮೆಗಳಲ್ಲಿ ಹಿಮಕ್ಕೆ ಸುಟ್ಟ ಜೋಳವೂ ಇಷ್ಟೇ ಅಪಾಯ, ಏಕೆಂದರೆ ಅಲ್ಲಿ ಕೋಶದ ಗೋಡೆ ಒಡೆಯುವುದು ಚಳಿ.

ಇದಕ್ಕಿಂತ ಮುಖ್ಯವಾದದ್ದು ವೇಗ. ಇಡೀ ಉತ್ತರದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಸಯನೈಡನ್ನು ಕರಗಿಸುವ ವ್ಯವಸ್ಥೆ ದನದ ಮೈಯಲ್ಲೇ ಇದೆ. ಯಕೃತ್ತಿನಲ್ಲಿ ರೊಡನೀಸ್ ಎಂಬ ಕಿಣ್ವ ಸಯನೈಡಿಗೆ ಗಂಧಕ ಸೇರಿಸಿ ಥಯೋಸಯನೇಟ್ ಮಾಡುತ್ತದೆ, ಅದು ಮೂತ್ರದಲ್ಲಿ ಹೊರಹೋಗುತ್ತದೆ. ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋದ ಸಯನೈಡ್ ಹೀಗೆ ಸದ್ದಿಲ್ಲದೆ ಹೊರಬಿದ್ದಿರುತ್ತದೆ. ಅಷ್ಟೇ ಪ್ರಮಾಣ ಇಪ್ಪತ್ತು ನಿಮಿಷದಲ್ಲಿ ಹೋದರೆ ಸಾವು. ಲೆಕ್ಕ ಹಾಕಿ ನೋಡಿ. ಮೈತೂಕದ ಪ್ರತಿ ಕೆಜಿಗೆ ಸುಮಾರು 2 ಮಿಲಿಗ್ರಾಂ ಹೈಡ್ರೋಜನ್ ಸಯನೈಡ್ ಬೇಗನೆ ರಕ್ತಕ್ಕೆ ಸೇರಿದರೆ ದನ ಉಳಿಯುವುದು ಕಷ್ಟ. 350 ಕೆಜಿ ಹಸುವಿಗೆ ಅದು 700 ಮಿಲಿಗ್ರಾಂ. ಹಸಿ ಮೇವಿನ ಒಂದು ಕೆಜಿಯಲ್ಲಿ 200 ಮಿಲಿಗ್ರಾಂ ಸಯನೈಡ್ ಹುಟ್ಟುವಷ್ಟು ಧುರ್ರಿನ್ ಇದ್ದರೆ ಅದನ್ನು ಅಪಾಯದ ಮೇವು ಎನ್ನುತ್ತೇವೆ. ಅಂಥ ಮೇವು ಮೂರೂವರೆ ಕೆಜಿ ಹೊಟ್ಟೆ ಸೇರಿದರೆ ಆಯಿತು. ರಾತ್ರಿಯಿಡೀ ಹಸಿದ ಹಸು ಎಳೆ ಚಿಗುರನ್ನು ಅಷ್ಟು ತಿನ್ನಲು ಎಷ್ಟು ಹೊತ್ತು ಬೇಕು?

ಕಡಸು ಯಾಕೆ ಉಳಿಯಿತು ಎಂಬುದೂ ಇಲ್ಲಿಂದಲೇ ತಿಳಿಯುತ್ತದೆ. ಗುಂಪಿನಲ್ಲಿ ಮುಂದೆ ನುಗ್ಗುವುದು ದೊಡ್ಡ ಹಸು, ಒಳ್ಳೆಯ ಚಿಗುರಿಗೆ ಮೊದಲು ಬಾಯಿ ಹಾಕುವುದೂ ಅದೇ. ಕೊಂಬಿಗೆ ಹೆದರಿ ಹಿಂದೆ ನಿಲ್ಲುವ ಪ್ರಾಣಿ ಬದಿಯ ಹುಲ್ಲನ್ನು ಕಚ್ಚುತ್ತ ನಿಧಾನಕ್ಕೆ ಬರುತ್ತದೆ. ಈ ವಿಷಬಾಧೆಯಲ್ಲಿ ಮನೆಯ ಒಳ್ಳೆಯ, ಗಟ್ಟಿಮುಟ್ಟಾದ, ಹೆಚ್ಚು ತಿನ್ನುವ ದನವೇ ಮೊದಲು ಸಾಯುವುದನ್ನು ಪಶುವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ. ಯಾರದೋ ಕಣ್ಣು ಬಿತ್ತು ಎಂಬ ಮಾತು ಹುಟ್ಟಿಕೊಳ್ಳುವುದೂ ಇಲ್ಲೇ.

ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಬಿದ್ದ ಹಸುವಿಗಿಂತ ಮೊದಲು ನಿಂತ ದನಗಳನ್ನು ಹೊಲದಿಂದ ಹೊರಗೆ ತನ್ನಿ, ಓಡಿಸದೆ, ಹೊಡೆಯದೆ. ಓಡಿದರೆ ಆಮ್ಲಜನಕದ ಬೇಡಿಕೆ ಏರುತ್ತದೆ, ತೂರಾಡುತ್ತಿರುವ ಪ್ರಾಣಿ ದಾರಿಯಲ್ಲೇ ಬೀಳುತ್ತದೆ. ವೈದ್ಯರಿಗೆ ಫೋನ್ ಮಾಡುವಾಗ "ದನ ಬಿದ್ದಿದೆ" ಎಂದಷ್ಟೇ ಹೇಳದೆ "ಎಳೆ ಜೋಳ ಮೇಯ್ದು ಬಿದ್ದಿದೆ, ವಸಡು ಕೆಂಪಗಿದೆ" ಎನ್ನಿ. ಯಾವ ಔಷಧಿ ತರಬೇಕು ಎಂಬುದು ಆ ಮಾತಿನಿಂದ ತೀರ್ಮಾನವಾಗುತ್ತದೆ. ಬಿದ್ದ ಪ್ರಾಣಿಯ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹುಯ್ಯಬೇಡಿ. ಏದುಸಿರು ಬಿಡುತ್ತಿರುವ ದನಕ್ಕೆ ನುಂಗುವ ಹಿಡಿತ ಇರುವುದಿಲ್ಲ, ಹುಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸಯನೈಡಿನಿಂದ ಪಾರಾದ ದನ ನಾಲ್ಕು ದಿನದ ಮೇಲೆ ನ್ಯುಮೋನಿಯಾದಿಂದ ಸತ್ತರೆ ಅದು ಗೊಟ್ಟದ ಕೊಡುಗೆ.

ವೈದ್ಯರು ನರಕ್ಕೆ ಕೊಡುವುದು ಸಾಮಾನ್ಯವಾಗಿ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್. ನೈಟ್ರೈಟ್ ರಕ್ತದ ಹಿಮೊಗ್ಲೋಬಿನ್ನಿನ ಒಂದು ಪಾಲನ್ನು ಮೆಥೆಮೊಗ್ಲೋಬಿನ್ ಆಗಿ ಬದಲಿಸುತ್ತದೆ, ಅದು ಕೋಶಗಳನ್ನು ಹಿಡಿದಿದ್ದ ಸಯನೈಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಥಯೋಸಲ್ಫೇಟ್ ಗಂಧಕ ಒದಗಿಸುತ್ತದೆ, ಯಕೃತ್ತು ಅದನ್ನು ಬಳಸಿ ಸಯನೈಡನ್ನು ಹೊರಹಾಕುತ್ತದೆ. ಸಮಯಕ್ಕೆ ಸಿಕ್ಕರೆ ಸತ್ತಂತೆ ಬಿದ್ದ ಹಸು ನೋಡನೋಡುತ್ತ ಎದ್ದು ನಿಲ್ಲುತ್ತದೆ. ಪಶುವೈದ್ಯದಲ್ಲಿ ಇಷ್ಟು ನಾಟಕೀಯ ಚೇತರಿಕೆ ಕಾಣಸಿಗುವುದು ಅಪರೂಪ. ಎದ್ದಿತು ಎಂದು ಅಲ್ಲಿಗೇ ಬಿಡಬಾರದು. ರೂಮೆನ್ನಿನಲ್ಲಿ ಇನ್ನೂ ಚಿಗುರು ಉಳಿದಿರುತ್ತದೆ, ಸಯನೈಡ್ ಹುಟ್ಟುತ್ತಲೇ ಇರುತ್ತದೆ. ಅದಕ್ಕಾಗಿಯೇ ಥಯೋಸಲ್ಫೇಟನ್ನು ಹೊಟ್ಟೆಗೂ ಕೊಡುತ್ತಾರೆ, ಬೇಕಾದರೆ ಚುಚ್ಚುಮದ್ದನ್ನು ಮತ್ತೆ ಕೊಡುತ್ತಾರೆ. ಲಕ್ಷಣ ಶುರುವಾಗಿ ಎರಡು ಗಂಟೆ ಕಳೆದೂ ಬದುಕಿರುವ ದನ ಸಾಮಾನ್ಯವಾಗಿ ಉಳಿಯುತ್ತದೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಅದನ್ನು ನಿಮಗೆ ತೋರಿಸದೆ ಮುಂದೆ ಹೋಗಲಾರೆ. ಬರದಿಂದ ಬಳಲಿದ, ಸಾರಜನಕ ಗೊಬ್ಬರ ಉಂಡ ಜೋಳದಲ್ಲಿ ಇನ್ನೊಂದು ವಿಷವೂ ಕೂಡಬಹುದು: ನೈಟ್ರೇಟ್. ಮೆಕ್ಕೆಜೋಳ, ಸಜ್ಜೆ, ಓಟ್ಸ್‌ಗಳಲ್ಲೂ ಹೀಗಾಗುತ್ತದೆ. ರೂಮೆನ್ನಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಮೋನಿಯಾ. ಮೊದಲ ಹೆಜ್ಜೆ ಬೇಗ, ಎರಡನೆಯದು ನಿಧಾನ, ಹೀಗಾಗಿ ನೈಟ್ರೈಟ್ ಉಕ್ಕಿ ರಕ್ತಕ್ಕೆ ಸೇರಿ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಮೆಥೆಮೊಗ್ಲೋಬಿನ್ ಆಗಿಸುತ್ತದೆ. ಇಲ್ಲೂ ದನ ತೂರಾಡುತ್ತದೆ, ಏದುಸಿರು ಬಿಡುತ್ತದೆ, ಬಿದ್ದು ಸಾಯುತ್ತದೆ, ಆದರೆ ರಕ್ತ ಚಾಕೊಲೇಟಿನ ಕಂದು ಬಣ್ಣ, ವಸಡು ಮಣ್ಣುಬಣ್ಣ ಇಲ್ಲವೇ ನೀಲಿ. ಚಿಕಿತ್ಸೆ ಮೆಥಿಲೀನ್ ಬ್ಲೂ. ಈ ಪ್ರಾಣಿಗೆ ಸಯನೈಡ್ ಎಂದುಕೊಂಡು ಸೋಡಿಯಂ ನೈಟ್ರೈಟ್ ಕೊಟ್ಟರೆ ಅದನ್ನು ಕೊಲ್ಲುತ್ತಿರುವ ವಿಷವನ್ನೇ ಇನ್ನಷ್ಟು ಕೊಟ್ಟಂತೆ. ಅನುಮಾನವಿದ್ದಾಗ ಬರೀ ಥಯೋಸಲ್ಫೇಟ್ ಕೊಡುವುದು ಸುರಕ್ಷಿತ ದಾರಿ. ಹಾಗಾಗಿ "ಜೋಳದ ನಂಜಿಗೆ ಮದ್ದು" ಎಂದು ಯಾರೋ ಕೊಟ್ಟ ಶೀಶೆಯನ್ನು ಮನೆಯಲ್ಲಿಟ್ಟುಕೊಂಡು ನೀವೇ ಚುಚ್ಚುವ ಆಲೋಚನೆ ಬೇಡ. ನಿಮ್ಮ ವೈದ್ಯರು ಮೊದಲು ತುಟಿ ಸರಿಸಿ ವಸಡು ನೋಡಿದರಲ್ಲ, ಸರಿಯಾದ ಕೆಲಸ ಮಾಡಿದರು.

ದಿಢೀರ್ ಸಾವೆಲ್ಲ ಗಿಡದ ವಿಷವೂ ಅಲ್ಲ. ಸಿಡಿಲು, ಹಾವು, ಹೊಟ್ಟೆ ಉಬ್ಬರ, ಕೀಟನಾಶಕ ಎಲ್ಲವೂ ಸಾಲಿನಲ್ಲಿವೆ. ಆಂಥ್ರಾಕ್ಸ್ ಕೂಡ ಇದೆ. ಸತ್ತ ದನದ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಹೊಟ್ಟೆ ಸೀಳಿ ನೋಡುವ ಸಾಹಸಕ್ಕೆ ಯಾರೂ ಹೋಗಬಾರದು, ಆ ರೋಗ ಮನುಷ್ಯರಿಗೂ ತಗಲುತ್ತದೆ. ಅಂಥ ಲಕ್ಷಣವಿಲ್ಲದೆ ವೈದ್ಯರೇ ಶವಪರೀಕ್ಷೆ ಮಾಡಿದರೆ ರೂಮೆನ್ನಿನ ಮೇವನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕೂಡಲೇ ಶೀತಲಗೊಳಿಸಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಸಯನೈಡ್ ಗಾಳಿಗೆ ಹಾರುವ ವಸ್ತು, ತೆರೆದ ಚೀಲದಲ್ಲಿ ಮರುದಿನ ತಲುಪಿದ ಮಾದರಿಯಲ್ಲಿ ಏನೂ ಸಿಗುವುದಿಲ್ಲ. ಹೊಲದಲ್ಲೇ ಮಾಡುವ ಒಂದು ಸರಳ ಪರೀಕ್ಷೆಯೂ ಉಂಟು: ಜಜ್ಜಿದ ಎಲೆಯನ್ನು ಮುಚ್ಚಿದ ಸೀಸೆಯಲ್ಲಿಟ್ಟು, ಎಲೆಗೆ ತಾಗದಂತೆ ಮೇಲೆ ಸೋಡಿಯಂ ಪಿಕ್ರೇಟ್ ಕಾಗದ ತೂಗಬಿಟ್ಟರೆ ಹಳದಿ ಕಾಗದ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಎಷ್ಟು ಬೇಗ, ಎಷ್ಟು ಗಾಢವಾಗಿ ತಿರುಗಿತು ಎಂಬುದರಿಂದ ಅಪಾಯದ ಅಂದಾಜು ಸಿಗುತ್ತದೆ.

ಇನ್ನು ಹಿರಿಯರ ಮಾತು. ದನಕ್ಕೆ ವಿಷ ಗೊತ್ತಿರುತ್ತದೆ ಎಂಬುದು ಅರ್ಧ ನಿಜ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಪ್ರೊವೆನ್ಜಾ ಮತ್ತು ಸಂಗಡಿಗರು ಕುರಿ, ಆಡು, ದನಗಳ ಮೇಲೆ ಬಹುಕಾಲ ಮಾಡಿದ ಕೆಲಸ ಇದನ್ನು ಬಿಡಿಸಿ ತೋರಿಸಿತು. ಮರಿ ಏನು ತಿನ್ನಬೇಕೆಂದು ತಾಯಿಯಿಂದ ಕಲಿಯುತ್ತದೆ. ಹೊಸ ಗಿಡ ತಿಂದ ಮೇಲೆ ಹೊಟ್ಟೆ ತೊಳಸಿದರೆ ಆ ರುಚಿಯನ್ನು ನೆನಪಿಟ್ಟು ಮುಂದೆ ಬಿಡುತ್ತದೆ. ಈ ಗುಣವನ್ನೇ ಬಳಸಿ, ಗಿಡ ತಿನ್ನಿಸಿದ ಮೇಲೆ ವಾಕರಿಕೆ ತರುವ ಲಿಥಿಯಂ ಕ್ಲೋರೈಡ್ ಕೊಟ್ಟು, ಕೆಲವು ವಿಷಗಿಡಗಳನ್ನು ಮುಟ್ಟದಂತೆ ದನಗಳನ್ನು ಪಳಗಿಸಿದ್ದೂ ಇದೆ. ಅಂದರೆ ಅದು ಹುಟ್ಟಿನಿಂದ ಬಂದ ಜ್ಞಾನವಲ್ಲ, ಪಾಠ. ಪಾಠ ಕಲಿಯಲು ಬದುಕಿರಬೇಕು, ತಿಂದದ್ದಕ್ಕೂ ನೋವಿಗೂ ಅಂತರ ಕಡಿಮೆ ಇರಬೇಕು. ಸಯನೈಡ್ ಮೊದಲ ಪಾಠದಲ್ಲೇ ಮುಗಿಸುತ್ತದೆ. ಮೂರು ತಿಂಗಳ ಮೇಲೆ ಯಕೃತ್ತು ಕೆಡಿಸುವ ಗಿಡದ ವಿಷಯದಲ್ಲಿ ಇವತ್ತಿನ ರುಚಿಗೂ ಆ ನೋವಿಗೂ ಸಂಬಂಧ ಕಟ್ಟಲು ಯಾವ ದನಕ್ಕೂ ಆಗದು. ಮೇಲಾಗಿ ಹಸಿವು ಎಲ್ಲ ಪಾಠವನ್ನೂ ಮರೆಸುತ್ತದೆ. ಬರದಲ್ಲಿ, ದೂರದಿಂದ ನಡೆಸಿಕೊಂಡು ಬಂದ ಹಿಂಡಿನಲ್ಲಿ, ಹೊಸ ಜಾಗಕ್ಕೆ ತಂದ ದನಗಳಲ್ಲಿ ವಿಷಬಾಧೆ ಹೆಚ್ಚು ಕಾಣುವುದು ಇದರಿಂದಲೇ.

ಲಂಟಾನ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಡುವೆಯೇ ಹುಟ್ಟಿ ಬೆಳೆದ ದನ ಸಾಮಾನ್ಯವಾಗಿ ಅದನ್ನು ಮೂಸಿಯೂ ನೋಡುವುದಿಲ್ಲ. ಹೊರಗಿನಿಂದ ತಂದ ಹಸಿದ ದನ ತಿನ್ನುತ್ತದೆ. ಅದರ ಲ್ಯಾಂಟಡೀನ್ ಎಂಬ ವಸ್ತುಗಳು ಯಕೃತ್ತಿನಿಂದ ಪಿತ್ತ ಹರಿಯುವುದನ್ನು ತಡೆಯುತ್ತವೆ. ಆಗ ಕಾಮಾಲೆ ಬರುತ್ತದೆ. ಇನ್ನೊಂದು ತೊಂದರೆ ಬಿಸಿಲಿನದು: ಹಸಿರು ಮೇವಿನ ಪತ್ರಹರಿತ್ತು ರೂಮೆನ್ನಿನಲ್ಲಿ ಒಡೆದು ಹುಟ್ಟುವ ಫೈಲೊಎರಿತ್ರಿನ್ ಎಂಬ ವಸ್ತು ಪಿತ್ತದ ಜೊತೆ ಹೊರಹೋಗಬೇಕಾದದ್ದು ರಕ್ತದಲ್ಲೇ ಉಳಿದು ಚರ್ಮಕ್ಕೆ ಬರುತ್ತದೆ, ಬಿಸಿಲು ತಾಗಿದರೆ ಆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಕಪ್ಪು ಬಿಳುಪು ದನದಲ್ಲಿ ಬಿಳಿ ಮಚ್ಚೆಗಳು ಮಾತ್ರ ಹುಣ್ಣಾಗಿ, ಕಪ್ಪು ಭಾಗ ನೆಟ್ಟಗೇ ಇರುವುದನ್ನು ನೋಡಿದರೆ ರೋಗ ನಿರ್ಣಯಕ್ಕೆ ಪುಸ್ತಕ ಬೇಡ. ಈ ನಂಟನ್ನು ಬಿಡಿಸಿದ್ದು 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಒಂಡರ್‌ಸ್ಟೆಪೂರ್ಟ್ ಸಂಸ್ಥೆಯ ಕ್ವಿನ್ ಮತ್ತು ರಿಮಿಂಗ್ಟನ್. ಅವರ ಮುಂದಿದ್ದ ಗಿಡ ಲಂಟಾನವಲ್ಲ, ನಾವು ಔಷಧಿ ಎಂದು ಬಲ್ಲ ನೆಗ್ಗಿಲು; ಅದನ್ನು ಮೇಯ್ದ ಅಲ್ಲಿನ ಕುರಿಗಳ ಮುಖ ಹಳದಿಗಟ್ಟಿ ಊದುತ್ತಿತ್ತು.

ಲಂಟಾನ ತಿಂದ ದನದ ಚಿಕಿತ್ಸೆಯಲ್ಲಿ ಒಂದು ಸೂಕ್ಷ್ಮವಿದೆ. ಈ ವಿಷ ರೂಮೆನ್ನಿನ ಚಲನೆಯನ್ನೇ ನಿಲ್ಲಿಸುತ್ತದೆ, ಹೀಗಾಗಿ ತಿಂದ ಎಲೆ ಅಲ್ಲೇ ಕೂತು ದಿನಗಟ್ಟಲೆ ವಿಷ ಬಿಡುತ್ತಲೇ ಇರುತ್ತದೆ. ಹೀರುವ ಇದ್ದಿಲು ಅಥವಾ ಬೆಂಟೊನೈಟ್ ಜೇಡಿಯನ್ನು ಮೈತೂಕದ ಕೆಜಿಗೆ 5 ಗ್ರಾಂನಂತೆ ನೀರಿನಲ್ಲಿ ಕದಡಿ ನಳಿಕೆಯ ಮೂಲಕ ಹೊಟ್ಟೆಗೆ ಇಳಿಸುವುದು, ನೆರಳಿನಲ್ಲಿ ಕಟ್ಟುವುದು, ಇವೇ ಜೀವ ಉಳಿಸುವ ಕೆಲಸಗಳು. ದೊಡ್ಡ ಹಸುವಿಗೆ ಎರಡು ಕೆಜಿಗೂ ಮಿಕ್ಕ ಇದ್ದಿಲು ಬೇಕಾಗುತ್ತದೆ. ನಾಲ್ಕು ಮಾತ್ರೆ ಇದ್ದಿಲಿನಿಂದ ಏನೂ ಆಗದು.

ಈಗ ಬೇಲಿಗೆ ಬನ್ನಿ. ಎರಡರಲ್ಲಿ ಮೊದಲು ಯಾವುದನ್ನು ತೆಗೆಯಲಿ ಎಂದರೆ ಕಣ್ಣುಮುಚ್ಚಿ ಕಣಗಿಲೆ ಎನ್ನುತ್ತೇನೆ. ಲಂಟಾನ ಎಲೆಯನ್ನು ದನ ಕೆಜಿಗಟ್ಟಲೆ ತಿಂದರೆ ತೊಂದರೆ. ಕಣಗಿಲೆಯದು ಗ್ರಾಂ ಲೆಕ್ಕ. ಮೈತೂಕದ ಶೇ. 0.005ರಷ್ಟು ಒಣ ಎಲೆ ಸಾಕು ಎನ್ನುವುದು ಪಠ್ಯಗಳಲ್ಲಿರುವ ಅಂಕಿ. 400 ಕೆಜಿ ಹಸುವಿಗೆ 20 ಗ್ರಾಂ, ಎಂದರೆ ಒಂದು ಹಿಡಿಯಷ್ಟು ಎಲೆ. ಅದರ ಒಲಿಯಾಂಡ್ರಿನ್ ಹೃದಯದ ಲಯವನ್ನೇ ಕೆಡಿಸುತ್ತದೆ. ಹಸಿ ಎಲೆ ಕಹಿ, ದನ ಮುಟ್ಟುವುದು ಕಡಿಮೆ. ಅಪಾಯ ಬರುವುದು ನಾವು ಬೇಲಿ ಸವರಿದ ದಿನ. ಕಡಿದ ರೆಂಬೆ ಮೇವಿನ ಹುಲ್ಲಿನ ಜೊತೆ ಬೆರೆಯುತ್ತದೆ, ಒಣಗಿದ ಎಲೆಯನ್ನು ದನ ಆರಿಸಿ ಬಿಡಲಾರದು, ಒಣಗಿದರೂ ವಿಷ ಹೋಗುವುದಿಲ್ಲ. ಹಾಗಾಗಿ ಕಣಗಿಲೆ ತೆಗೆಯುವುದಾದರೆ ಒಂದೇ ದಿನ ಬುಡಸಮೇತ ತೆಗೆದು, ಬಿದ್ದ ಎಲೆ ಗುಡಿಸಿ, ದನಕರು ಸುಳಿಯದ ಕಡೆ ಹೂಳಿ. ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ. ಅರ್ಧ ಕಡಿದು ನಾಳೆ ಮಾಡೋಣ ಎಂದು ಬಿಡುವುದಾದರೆ ಮುಟ್ಟದಿರುವುದೇ ಮೇಲು. ಲಂಟಾನ ಬೇಲಿಯನ್ನು ಬಿಡುವಿದ್ದಾಗ ತೆಗೆಯಿರಿ. ಅಲ್ಲಿಯವರೆಗೆ ದನ ಹಸಿದಿರದಂತೆ ನೋಡಿಕೊಂಡರೆ ಸಾಕು.

ಬೇಲಿ ಬದಿಯಲ್ಲಿ ಹರಳು ಗಿಡವಿದ್ದರೆ ಬೀಜದ ಬಗ್ಗೆ ಎಚ್ಚರ. ಹರಳು ಹಿಂಡಿಯನ್ನು ಗೊಬ್ಬರಕ್ಕೆ ತಂದು ದನಕ್ಕೆ ಎಟುಕುವಲ್ಲಿ ಮೂಟೆ ಇಡುವುದು ಅದಕ್ಕಿಂತ ದೊಡ್ಡ ಅಪಾಯ. ಉಮ್ಮತ್ತಿಯನ್ನು ಹಸಿಯಾಗಿ ದನ ತಿನ್ನುವುದು ಕಡಿಮೆ, ಕೊಯ್ದ ಮೇವಿನಲ್ಲಿ ಬೆರೆತರೆ ತಿನ್ನುತ್ತದೆ.

ತಕ್ಷಣ ಕೊಲ್ಲುವ ಗಿಡಗಳಿಗೆ ನಾವು ಹೆದರುತ್ತೇವೆ, ನಿಧಾನವಾಗಿ ಕೊಲ್ಲುವವು ಲೆಕ್ಕಕ್ಕೇ ಬರುವುದಿಲ್ಲ. ಬ್ರಾಕನ್ ಎಂಬ ಜರೀಗಿಡವನ್ನು ತಿಂಗಳುಗಟ್ಟಲೆ ಮೇಯ್ದ ದನದ ಮೂತ್ರದಲ್ಲಿ ರಕ್ತ ಬರುತ್ತದೆ, ಮೂತ್ರಕೋಶದಲ್ಲಿ ಗಡ್ಡೆಗಳು ಬೆಳೆಯುತ್ತವೆ, ಕಾರಣ ಅದರಲ್ಲಿರುವ ಟ್ಯಾಕ್ವಿಲೊಸೈಡ್ ಎಂಬ ವಿಷ. ಒಣಗಿದ ಕಾಯಿ ಅಲುಗಿದರೆ ಗಿಲಿಗಿಲಿ ಎನ್ನುವ ಕ್ರೋಟಲೇರಿಯಾ ಜಾತಿಯ ಹಲವು ಗಿಡಗಳಲ್ಲಿ ಯಕೃತ್ತನ್ನು ಒಳಗೊಳಗೇ ಗಟ್ಟಿಗೊಳಿಸುವ ಪೈರೊಲಿಜಿಡಿನ್ ಕ್ಷಾರಗಳಿವೆ. ತಿನ್ನುವುದು ಒಂದು ಋತುವಿನಲ್ಲಿ, ದನ ಸೊರಗುವುದು ಮುಂದಿನದರಲ್ಲಿ. ಕುರಿ, ಆಡುಗಳು ಇದನ್ನು ದನ, ಕುದುರೆಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ನೀರಿನ ಬದಿಯಲ್ಲಿ ಗುಲಾಬಿ ಬಣ್ಣದ ಆಲಿಕೆಯಂಥ ಹೂ ಬಿಡುವ ಐಪೋಮಿಯ ಕಾರ್ನಿಯ ಇನ್ನೊಂದು. ರುಚಿ ಹತ್ತಿದ ಆಡು ಅದನ್ನೇ ಹುಡುಕಿಕೊಂಡು ಹೋಗಿ ತಿನ್ನುತ್ತದೆ, ವಾರಗಳ ನಂತರ ತಲೆ ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ. ಅದರ ಸ್ವೇನ್ಸೊನಿನ್ ಎಂಬ ವಿಷವನ್ನು ತಯಾರಿಸುವುದು ಗಿಡವಲ್ಲ, ಗಿಡದಲ್ಲೇ ನೆಲೆಸಿದ ಒಂದು ಶಿಲೀಂಧ್ರ.

ವಿಷ ಗಿಡದಲ್ಲೇ ಇದೆ ಎಂದುಕೊಳ್ಳುವವರಿಗೆ ನಾನು ಹೇಳುವ ಕಥೆ ಸುಬಾಬುಲ್‌ನದು. ಅದರ ಎಲೆ ಒಳ್ಳೆಯ ಪ್ರೋಟೀನ್ ಮೇವು, ಆದರೆ ಅದರಲ್ಲಿ ಮಿಮೊಸಿನ್ ಎಂಬ ವಿಷವೂ ಇದೆ. ಹೆಚ್ಚು ತಿಂದ ದನದ ಕೂದಲು ಉದುರುತ್ತದೆ, ಥೈರಾಯ್ಡ್ ಊದುತ್ತದೆ. ಆಸ್ಟ್ರೇಲಿಯದಲ್ಲಿ ಹೀಗಾಗುತ್ತಿದ್ದರೆ ಹವಾಯಿಯ ಆಡುಗಳು ಅದನ್ನೇ ಹೊಟ್ಟೆತುಂಬ ತಿಂದು ಆರಾಮವಾಗಿದ್ದವು. ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಹವಾಯಿ ಆಡಿನ ರೂಮೆನ್ ದ್ರವವನ್ನು ತರಿಸಿ ತಮ್ಮ ಕಡೆಯ ಪ್ರಾಣಿಗಳ ಹೊಟ್ಟೆಗೆ ಸೇರಿಸಿದರು, ಅವೂ ಸುಬಾಬುಲ್ ಅರಗಿಸಿಕೊಂಡವು. ಆ ಕೆಲಸ ಮಾಡುವ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಅವರದೇ ಹೆಸರು ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸೈ ಎಂದು ಹೆಸರಿಟ್ಟರು. ಅದೇ ಎಲೆ, ಹೊಟ್ಟೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಮೇವೂ ಹೌದು ವಿಷವೂ ಹೌದು. ಹೊಸ ಮೇವನ್ನು ಯಾವಾಗಲೂ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು ಎನ್ನುವುದಕ್ಕೂ ಕಾರಣ ಅಲ್ಲಿನ ಆ ಸೂಕ್ಷ್ಮಜೀವಿಗಳೇ.

ನಿಮ್ಮ ಹೊಲವನ್ನು ಕೈಬಿಡಬೇಕಾಗಿಲ್ಲ. ಈಗಿನ ಚಿಗುರನ್ನು ಮುಟ್ಟದೆ ಬೆಳೆಯಲು ಬಿಡಿ. ಮೇವಿನ ಜೋಳ ಹೂ ಬಿಡುವ ಹಂತಕ್ಕೆ ಬಂದ ಮೇಲೆ ಕೊಯ್ದು ಹಾಕಿದರೆ ಸಾಮಾನ್ಯವಾಗಿ ಭಯವಿಲ್ಲ. ಬುಡದಲ್ಲಿ ಹೊಸ ಮರಿಚಿಗುರು ಇದ್ದರೆ ದೊಡ್ಡ ಗಿಡದ ಎತ್ತರ ನೋಡಿ ಮೋಸಹೋಗಬೇಡಿ, ದನ ಮೊದಲು ಬಾಯಿ ಹಾಕುವುದು ಆ ಮರಿಗೇ. ಈಗಲೇ ಮೇವು ಬೇಕೇಬೇಕು ಎಂದರೆ ಕೊಯ್ದು ತೆಳ್ಳಗೆ ಹರಡಿ ಪೂರ್ತಿ ಒಣಗಿಸಿ, ಸಯನೈಡ್ ಬಹುಪಾಲು ಹಾರಿಹೋಗುತ್ತದೆ. ಪೂರ್ತಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ; ಬೆಳಿಗ್ಗೆ ಕೊಯ್ದು ಮಧ್ಯಾಹ್ನಕ್ಕೆ ಬಾಡಿದ ಜೋಳ ಹಸಿಯದಕ್ಕಿಂತ ಅಪಾಯ. ರಸಮೇವು (ಸೈಲೇಜ್) ಮಾಡಿ ಮೂರು ನಾಲ್ಕು ವಾರ ಮುಚ್ಚಿಟ್ಟರೂ ಇಳಿಯುತ್ತದೆ. ಆದರೆ ನೈಟ್ರೇಟ್ ಒಣಗಿಸಿದರೆ ಹೋಗುವುದಿಲ್ಲ. ನೀವು ಯೂರಿಯಾ ಹಾಕಿದ್ದರಿಂದ, ಒಣಗಿಸಿದ ಮೇವನ್ನು ಹಾಕುವ ಮೊದಲು ನೈಟ್ರೇಟ್ ಪರೀಕ್ಷೆಗೆ ಒಂದು ಮಾದರಿ ಕೊಡಿ. ಒಣ ತೂಕದಲ್ಲಿ ಶೇ. 1 ದಾಟಿದರೆ ದನಕ್ಕೆ ಹಾಕಬಾರದು, ಶೇ. 0.5ರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನೈಟ್ರೇಟ್ ಹೆಚ್ಚು ಕೂಡುವುದು ಕಾಂಡದ ಬುಡದಲ್ಲಿ, ಆದ್ದರಿಂದ ಸ್ವಲ್ಪ ಮೇಲಿನಿಂದ ಕೊಯ್ಯುವುದೂ ಒಂದು ಉಪಾಯ.

ಎಲ್ಲಕ್ಕಿಂತ ಅಗ್ಗದ ಉಪಾಯ ಬೆಳಗಿನ ಒಣಹುಲ್ಲು. ಯಾವುದೇ ಹೊಸ ಹಸಿರಿಗೆ ಬಿಡುವ ಮೊದಲು ಕೊಟ್ಟಿಗೆಯಲ್ಲೇ ಹೊಟ್ಟೆತುಂಬ ಒಣಮೇವು ಹಾಕಿ, ನೀರು ಕುಡಿಸಿ, ಹೊತ್ತೇರಿದ ಮೇಲೆ ಬಿಡಿ, ಮೊದಲ ದಿನಗಳಲ್ಲಿ ಅರ್ಧ ಗಂಟೆಯೊಳಗೆ ಹಿಂದಕ್ಕೆ ಕರೆದುಕೊಳ್ಳಿ. ಹೊಟ್ಟೆ ತುಂಬಿದ ದನ ಆರಿಸಿ ತಿನ್ನುತ್ತದೆ, ನಿಧಾನವಾಗಿ ತಿನ್ನುತ್ತದೆ, ಒಳಗಿನ ಒಣಮೇವು ವಿಷವನ್ನು ತೆಳುಗೊಳಿಸುತ್ತದೆ. ಜೋಳವನ್ನು ವಾರಗಟ್ಟಲೆ ಮೇಯಿಸುವವರು ನೆಕ್ಕುವ ಉಪ್ಪಿನಲ್ಲಿ ಗಂಧಕವಿರುವಂತೆ ನೋಡಿಕೊಳ್ಳುವುದು ಒಳ್ಳೆಯದು, ಸಯನೈಡ್ ಕರಗಿಸಲು ದೇಹ ಗಂಧಕವನ್ನು ಖರ್ಚು ಮಾಡುತ್ತದೆ.

ಕೊನೆಗೆ ಹಾಲು. ಸಯನೈಡ್ ದೇಹದಲ್ಲಿ ಕೂಡಿಕೊಂಡು ಉಳಿಯುವ ವಿಷವಲ್ಲ, ಚೇತರಿಸಿಕೊಂಡ ಹಸು ಅದನ್ನು ಬೇಗನೆ ಹೊರಹಾಕುತ್ತದೆ. ಹಾಗಿದ್ದರೂ ಹಸು ಪೂರ್ತಿ ಚೇತರಿಸಿಕೊಳ್ಳುವ ತನಕದ ಹಾಲನ್ನು ಚೆಲ್ಲಿ, ಕೊಟ್ಟ ಔಷಧಿಗಳಿಗಾಗಿ ಇನ್ನೆಷ್ಟು ದಿನ ಬಿಡಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಎಲ್ಲ ಗಿಡದ ವಿಷಕ್ಕೂ ಈ ಮಾತು ಸಲ್ಲದು. ಬ್ರಾಕನ್ನಿನ ಟ್ಯಾಕ್ವಿಲೊಸೈಡ್ ಹಾಲಿಗೆ ಇಳಿಯುತ್ತದೆ. ಅಮೆರಿಕದ ವೈಟ್ ಸ್ನೇಕ್‌ರೂಟ್ ಎಂಬ ಗಿಡ ಮೇಯ್ದ ಹಸುಗಳ ಹಾಲು ಕುಡಿದು ಅಲ್ಲಿ ಬಹಳ ಜನ ಸತ್ತಿದ್ದರು; 1818ರಲ್ಲಿ ತೀರಿಕೊಂಡ ಅಬ್ರಹಾಂ ಲಿಂಕನ್ನರ ತಾಯಿ ನ್ಯಾನ್ಸಿಯ ಸಾವಿಗೂ ಅದೇ ಕಾರಣ ಎನ್ನುತ್ತಾರೆ. ಬದುಕಿದ ಹಸು ಗಬ್ಬವಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಆಮ್ಲಜನಕದ ಕೊರತೆ ಹೊಟ್ಟೆಯ ಕರುವಿಗೂ ತಟ್ಟಿರಬಹುದು. ಕೆಲವು ವಾರ ಗರ್ಭದ ಮೇಲೆ ಕಣ್ಣಿಡಬೇಕಾಗುತ್ತದೆ.